ಕಣ್ಣು ಹೊಡೆಯುವ ಕರೆಂಟು

‘ನಿಮ್ಮ ವ್ಯವಸ್ಥೆಯನ್ನು ಉನ್ನತೀಕರಿಸಲಾಗಿದೆ’ ಎಂಬ ಸಾಲು ಪರದೆಯ ಮೇಲೆ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅದರ ಕೆಳಗೆ ಒಂದು ನಗುವ ಮುಖ ಬೇರೆ. ಯಾರನ್ನು ಕೇಳಿ ಉನ್ನತೀಕರಿಸಿದಿರಿ? ನನ್ನನ್ನು ಮೇಲೆತ್ತಿ ಅಂತ ನಾನೇನಾದರೂ ಬಾಗಿಲಿಗೆ ಬಂದು ಕೈಮುಗಿದಿದ್ದೆನೇ? ನನ್ನ ಹೆಸರು ಸಹನಾ. ಇಟ್ಟವರು ನಮ್ಮಪ್ಪ, ಆ ತಪ್ಪಿಗೆ ನಾನು ಹೊಣೆಯಲ್ಲ.

ನೂಲಗೆರೆಯ ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ನಾನು ಸಹಾಯಕ ಎಂಜಿನಿಯರ್. ನೂಲಗೆರೆ ಮಗ್ಗದ ಊರು. ಬೀದಿಗೆ ಕಾಲಿಟ್ಟರೆ ಎರಡೂ ಕಡೆಯಿಂದ ಪವರ್‌ಲೂಮುಗಳ ಖಟಪಟ, ಪಕ್ಕದಲ್ಲಿ ನಿಂತವರ ಹತ್ತಿರವೂ ಕೂಗಿಯೇ ಮಾತಾಡಬೇಕು. ಹೀಗಾಗಿ ನಮ್ಮೂರಿನವರು ಬೇರೆ ಊರಿಗೆ ಹೋದಾಗ ಜಗಳಕ್ಕೆ ಬಂದವರ ಹಾಗೆ ಕಾಣುತ್ತಾರೆ. ನನ್ನ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು.

ರಾಜ್ಯದ ಕರೆಂಟನ್ನೆಲ್ಲ ಈಗ ಹಂಚುವುದು ‘ಸಮತೋಲ’ ಎಂಬ ಯಂತ್ರಬುದ್ಧಿ. ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಿದ ಮೇಲೆ ನಮ್ಮ ಕರೆಂಟೆಲ್ಲ ಬಿಸಿಲಿನಿಂದ, ಗಾಳಿಯಿಂದ ಬರುತ್ತದೆ. ಸೌರಫಲಕಗಳ ಬಯಲಿನ ಮೇಲೆ ಒಂದು ದೊಡ್ಡ ಮೋಡ ಬಂದು ನಿಂತರೆ ಸಾಕು, ಕೊರತೆ. ಆಗ ಸಮತೋಲ ಕ್ಷಣದಲ್ಲಿ ಲೆಕ್ಕ ಹಾಕಿ, ಯಾವ ಊರಿನ ಯಾವ ಬೀದಿಗೆ ಎಷ್ಟು ಹೊತ್ತು ಕರೆಂಟು ತೆಗೆಯಬೇಕೆಂದು ತೀರ್ಮಾನಿಸುತ್ತದೆ. ಇದಕ್ಕೆ ಅವರಿಟ್ಟ ಹೆಸರು ‘ವಿಶ್ರಾಂತಿ’. ಮನೆಗಳಲ್ಲಿ ಬ್ಯಾಟರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಸರ್ಕಾರವೇ ಮನೆಮನೆಗೂ ಹಾಕಿಸಿದೆ. ಆದರೆ ಕೊರತೆ ಬಂದಾಗ ಸಮತೋಲ ಮೊದಲು ಹೀರಿಕೊಳ್ಳುವುದು ಆ ಬ್ಯಾಟರಿಗಳನ್ನೇ. ಅವನ್ನೆಲ್ಲ ಬರಿದು ಮಾಡಿದ ಮೇಲೆ ಬೀದಿಯನ್ನು ವಿಶ್ರಾಂತಿಗೆ ಕಳಿಸುತ್ತದೆ. ನಮ್ಮ ಮನೆಯ ಗೋಡೆಗೆ ನೇತುಹಾಕಿದ ಬ್ಯಾಟರಿ ನಮ್ಮದಲ್ಲ ಎಂದು ಜನಕ್ಕೆ ಗೊತ್ತಾಗುವ ಹೊತ್ತಿಗೆ ಸಹಿ ಹಾಕಿಯಾಗಿತ್ತು.

ಇಷ್ಟರ ನಡುವೆ ಒಂದೇ ಒಂದು ಕಡೆ ಮನುಷ್ಯರನ್ನು ಉಳಿಸಿಕೊಂಡಿದ್ದಾರೆ. ಕರೆಂಟು ತೆಗೆಯುವ ಕೊನೆಯ ಗುಂಡಿಯನ್ನು ಮನುಷ್ಯನ ಬೆರಳೇ ಒತ್ತಬೇಕೆಂದು ಕಾನೂನಿದೆ. ಹೆಚ್ಚುಕಡಿಮೆಯಾದಾಗ ಬೈಯಲು ಯಾರಾದರೂ ಬೇಕಲ್ಲ! ಆದೇಶ ಬಂದ ಮೇಲೆ ಗುಂಡಿ ಒತ್ತಲು ನಮಗೆ ಕೆಲವು ನಿಮಿಷಗಳ ಅವಕಾಶ. ಆ ಕೆಲವು ನಿಮಿಷಗಳಲ್ಲೇ ನೂಲಗೆರೆಯ ಒಂದು ಹಳೆಯ ಪದ್ಧತಿ ಉಸಿರಾಡುತ್ತಿತ್ತು.

ಪದ್ಧತಿ ಏನೆಂದರೆ, ಕರೆಂಟು ತೆಗೆಯುವ ಮುಂಚೆ ಒಂದು ಸಲ ಮಿಣುಕಿಸುವುದು. ದೀಪ ಆರಿ ಹತ್ತಬೇಕು, ಅಷ್ಟೇ. ಲೈನ್‌ಮನ್ನುಗಳು ಕೈಯಲ್ಲಿ ಹಿಡಿ ಎಳೆಯುತ್ತಿದ್ದ ಕಾಲದಿಂದಲೂ ನಡೆದು ಬಂದದ್ದು. ‘ಕರೆಂಟು ಕಣ್ಣು ಹೊಡೀತು’ ಎನ್ನುತ್ತಾರೆ ಜನ. ಕಣ್ಣು ಹೊಡೆದ ಕೂಡಲೇ ಮಗ್ಗದವರು ಲಾಳಿಯನ್ನು ಅಂಚಿಗೆ ತಂದು ಮಗ್ಗ ನಿಲ್ಲಿಸುತ್ತಾರೆ. ಅಡ್ಡನೂಲು ಹೊತ್ತು ಓಡುವ ಲಾಳಿ ನಡುದಾರಿಯಲ್ಲಿ ನಿಂತರೆ ಉದ್ದಕ್ಕೆ ಬಿಗಿದ ಹಾಸಿನ ನೂಲು ಗುಂಪುಗುಂಪಾಗಿ ಹರಿಯುತ್ತದೆ, ಎಳೆ ಎಳೆ ಹೆಕ್ಕಿ ಗಂಟು ಹಾಕುತ್ತ ಕೂತರೆ ಆ ದಿನದ ಕೆಲಸ ಮುಗಿದಂತೆಯೇ. ಗಿರಣಿಯವನು ಕಲ್ಲಿನ ನಡುವಿನ ರಾಗಿ ಖಾಲಿ ಮಾಡಿಕೊಳ್ಳುತ್ತಾನೆ. ಹಲ್ಲಿನ ಡಾಕ್ಟರು ರೋಗಿಯ ಬಾಯಿಂದ ಡ್ರಿಲ್ ಹೊರಗೆ ತೆಗೆಯುತ್ತಾರೆ. ಲಿಫ್ಟಿನ ಮುಂದೆ ನಿಂತವರು ಮೆಟ್ಟಿಲ ಕಡೆ ತಿರುಗುತ್ತಾರೆ. ಯಾರೂ ಯಾರಿಗೂ ಹೇಳಿಕೊಡದೆ ಇಡೀ ಊರಿಗೆ ಗೊತ್ತಿದ್ದ ಮರ್ಯಾದೆ ಇದು.

ಸಮತೋಲ ಬಂದಾಗ ಹಿಡಿಗಳು ಹೋಗಿ ಕೀಲಿಮಣೆ ಬಂತು. ಆಗ ನಾನೇ ಕೂತು ಒಂದು ಶಾರ್ಟ್‌ಕಟ್ ಮಾಡಿಕೊಂಡೆ. ಕಂಟ್ರೋಲ್, ಆಲ್ಟ್, ಎಂ, ಮೂರನ್ನೂ ಒಟ್ಟಿಗೆ ಒತ್ತಿದರೆ ಬೀದಿ ಒಮ್ಮೆ ಮಿಣುಕುತ್ತದೆ, ಐದು ನಿಮಿಷ ಕಾಯುತ್ತದೆ, ಆಮೇಲೆ ಕರೆಂಟು ಹೋಗುತ್ತದೆ. ಬೇರೆ ಪಾಳಿಯವರಿಗೂ ಅದನ್ನೇ ಕಲಿಸಿದೆ. ಊರಲ್ಲಿ ನನಗೆ ‘ಕಣ್ಣು ಹೊಡೆಯೋ ಮೇಡಂ’ ಎಂಬ ಹೆಸರೂ ಬಿತ್ತು. ತರಕಾರಿ ಅಂಗಡಿಯ ಮುದುಕರು ಕೂಡ, “ಏನ್ ಮೇಡಂ, ಇವತ್ತು ನಮ್ ಬೀದಿಗೆ ಹೊಡೀತೀರೋ ಇಲ್ವೋ?” ಎಂದು ಕೀಟಲೆ ಮಾಡುತ್ತಿದ್ದರು.

ಅಷ್ಟೆಲ್ಲ ಮುತುವರ್ಜಿ ಊರಿನ ಮೇಲಿನ ಪ್ರೀತಿಯಿಂದ ಮಾತ್ರ ಎಂದರೆ ಸುಳ್ಳಾಗುತ್ತದೆ. ದೇವಾಂಗರ ಬೀದಿಯಲ್ಲಿ ನನ್ನ ಅಕ್ಕ ಶೈಲಜಾ ಇದ್ದಾಳೆ. ಮುಂದಿನ ಹಜಾರದಲ್ಲಿ ತಿಪ್ಪೇಶ ಭಾವನ ಮಗ್ಗಗಳು, ಹಿಂದಿನ ಕೋಣೆಯಲ್ಲಿ ಅಕ್ಕನ ಡಯಾಲಿಸಿಸ್ ಯಂತ್ರ. ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅವಳ ರಕ್ತವನ್ನು ತೊಳೆಯುವುದು ಆ ಯಂತ್ರವೇ. ಜಿಲ್ಲಾಸ್ಪತ್ರೆಯಲ್ಲಿ ಜಾಗವಿಲ್ಲವೆಂದು ಮನೆಗೇ ಕೊಟ್ಟಿದ್ದಾರೆ. ತೋಳಿಗೆ ಎರಡು ಸೂಜಿ, ಒಂದರಿಂದ ರಕ್ತ ಹೊರಗೆ ಬಂದು, ಜಾಲರಿಯಲ್ಲಿ ತೊಳೆದುಕೊಂಡು, ಇನ್ನೊಂದರಿಂದ ಒಳಗೆ ಹೋಗಬೇಕು. ನಡುವೆ ಕರೆಂಟು ಹೋದರೆ ನಳಿಗೆಯಲ್ಲಿದ್ದ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಒಂದು ಲೋಟದಷ್ಟು ರಕ್ತ ಚರಂಡಿಗೆ. ಹಳೆಯ ಯಂತ್ರಗಳಿಗೆ ಕೈಯಲ್ಲಿ ತಿರುಗಿಸಿ ರಕ್ತ ಮರಳಿಸುವ ಹಿಡಿ ಇತ್ತಂತೆ. ಇದಕ್ಕಿಲ್ಲ. ಅಂದ ಕೆಡುತ್ತದೆ ಎಂದು ತೆಗೆದರಂತೆ!

ಕರೆಂಟು ಕಣ್ಣು ಹೊಡೆದರೆ ಮಾತ್ರ ಚಿಂತೆಯಿಲ್ಲ. ಭಾವ ಬಂದು ‘ಮರಳಿಸು’ ಗುಂಡಿ ಒತ್ತುತ್ತಾರೆ, ಐದು ನಿಮಿಷದೊಳಗೆ ರಕ್ತವೆಲ್ಲ ಮೈಗೆ ಸೇರುತ್ತದೆ. ಆ ದಿನದ ತೊಳೆತ ಅರ್ಧಕ್ಕೆ ನಿಂತಂತೆ ನಿಜ, ಮತ್ತೆ ಶುರು ಮಾಡಲು ಹೊಸ ನಳಿಗೆ ಹೊಸ ಜಾಲರಿ ಬೇಕು, ಅವನ್ನು ಆಸ್ಪತ್ರೆಯವರು ಅಳೆದು ಸುರಿದು ಕೊಡುತ್ತಾರೆ. ಆದರೂ ರಕ್ತ ಉಳಿಯಿತಲ್ಲ. ಆಸ್ಪತ್ರೆಗಳಿಗೆ ವಿಶ್ರಾಂತಿಯಿಂದ ವಿನಾಯಿತಿ ಇದೆ. ಮನೆಯಲ್ಲಿಟ್ಟ ಯಂತ್ರ ಆಸ್ಪತ್ರೆಯಲ್ಲವಂತೆ. ಹೀಗೆಂದು ಬರೆದವನು ಯಾವತ್ತೂ ಸೂಜಿ ಚುಚ್ಚಿಸಿಕೊಂಡವನಲ್ಲ.

ಸಮತೋಲದ ಹತ್ತನೆಯ ಆವೃತ್ತಿ ಬಂದದ್ದು ಒಂದು ಸೋಮವಾರ. ಬೆಳಿಗ್ಗೆ ಕೂತಾಗ ಪರದೆಯ ಬಣ್ಣ ಬದಲಾಗಿತ್ತು, ಅಕ್ಷರ ದುಂಡಗಾಗಿತ್ತು, ಮೇಲೆ ಆ ನಗುವ ಮುಖ. ಇರಲಿ ಎಂದುಕೊಂಡೆ. ಮಧ್ಯಾಹ್ನ ಮೋಡ ಕವಿದು ದೇವಾಂಗರ ಬೀದಿಗೆ ವಿಶ್ರಾಂತಿಯ ಆದೇಶ ಬಂತು. ಅಭ್ಯಾಸದ ಮೇಲೆ ನನ್ನ ಬೆರಳುಗಳು ಮೂರು ಕೀಲಿ ಒತ್ತಿದವು. ಬೀದಿ ಮಿಣುಕಿದ್ದು ತೋರಿಸಬೇಕಿದ್ದ ಜಾಗದಲ್ಲಿ, ‘ವಿಶ್ರಾಂತಿ ಜಾರಿಯಾಗಿದೆ. ನಿಮ್ಮ ತ್ವರಿತ ಕ್ರಮಕ್ಕೆ ಧನ್ಯವಾದಗಳು’ ಎಂದು ಬಂತು.

ಹೊಸ ಆವೃತ್ತಿ ನನ್ನ ಶಾರ್ಟ್‌ಕಟ್ಟನ್ನು ಅಳಿಸಿ, ಅದೇ ಮೂರು ಕೀಲಿಗಳನ್ನು ‘ಈಗಲೇ ಕರೆಂಟು ತೆಗೆ’ ಎಂಬುದಕ್ಕೆ ಕೊಟ್ಟುಬಿಟ್ಟಿತ್ತು. ಒಮ್ಮೆ ತೆಗೆದ ಮೇಲೆ ಅವಧಿ ಮುಗಿಯುವವರೆಗೆ ನಮ್ಮ ಕೈಯಲ್ಲಿ ಏನೂ ಇಲ್ಲ. ಅಕ್ಕ ಆಗ ಯಂತ್ರದ ಮುಂದೆ ಇದ್ದಾಳೆಂದು ನನಗೆ ಗೊತ್ತಿತ್ತು. ಕುರ್ಚಿಯಲ್ಲಿ ಕೂತು ಆ ಧನ್ಯವಾದವನ್ನು ನೋಡುತ್ತಿದ್ದೆ.

ಪಾಳಿ ಮುಗಿಸಿ ಓಡಿದೆ. ಬೀದಿಯುದ್ದಕ್ಕೂ ಜನ ಮಗ್ಗಗಳ ಮುಂದೆ ಬಗ್ಗಿ ಹರಿದ ನೂಲು ಹೆಕ್ಕುತ್ತಿದ್ದರು, ಒಬ್ಬರೂ ತಲೆಯೆತ್ತಿ ಮಾತಾಡಿಸಲಿಲ್ಲ. ಭಾವ ಹಿತ್ತಲಲ್ಲಿ ನಳಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದರು, ಒಳಗೆ ಕಪ್ಪಗೆ ಹೆಪ್ಪುಗಟ್ಟಿತ್ತು. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ತುಟಿ ಬಿಳಿಚಿಕೊಂಡಿತ್ತು.

“ಇವತ್ತು ಕಣ್ಣೇ ಹೊಡೀಲಿಲ್ವಲ್ಲೇ,” ಎಂದಳು. “ನೀನು ಡ್ಯೂಟೀಲಿ ಇರ್ಲಿಲ್ವಾ?”

“ನಾನೇ ಇದ್ದೆ ಅಕ್ಕ. ನಾನೇ ಒತ್ತಿದ್ದು.” ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. “ನಾಳೆಯಿಂದ ಹೆಂಗಾದ್ರೂ ನಿಂಗೆ ಫೋನ್ ಮಾಡಿ ಹೇಳ್ತೀನಿ. ಒಳಗೆ ಫೋನ್ ತಗೊಂಡ್ ಹೋಗೋ ಹಾಗಿಲ್ಲ, ಸೀರೇಲಿ ಮುಚ್ಚಿಟ್ಕೊಂಡು ಹೋಗ್ತೀನಿ.”

“ನಂಗೊಬ್ಬಳಿಗಾ?” ಅಕ್ಕ ಕಣ್ಣು ಬಿಟ್ಟು ನೋಡಿದಳು. “ಪಕ್ಕದ್ಮನೆ ಹಾಸೆಲ್ಲ ಹರಿದು ಹೋಗ್ತಿರುವಾಗ ನಾನೊಬ್ಳು ಹುಷಾರಾಗಿ ನಿಲ್ಲಿಸ್ಕೊಂಡು ಕೂತ್ರೆ, ನಾಳೆ ಅವರ ಮುಖ ಹೆಂಗೇ ನೋಡ್ಲಿ? ಅದೇನೋ ಕೀಲಿ ಅಂದ್ಯಲ್ಲ, ಅದನ್ನ ಸರಿ ಮಾಡ್ಸು.”

ಸರಿ ಮಾಡಿಸಲು ಹೊರಟೆ. ಸೆಟ್ಟಿಂಗ್ಸಿನಲ್ಲಿ ಹುಡುಕಿದೆ. ‘ನನ್ನ ಶಾರ್ಟ್‌ಕಟ್‌ಗಳು’ ಎಂಬ ಪುಟವೇ ಮಾಯವಾಗಿತ್ತು. ಅದರ ಜಾಗದಲ್ಲಿ ಪರದೆಯ ಹಿನ್ನೆಲೆಗೆ ಯಾವ ಹೂವಿನ ಚಿತ್ರ ಬೇಕು ಎಂದು ಆರಿಸಿಕೊಳ್ಳುವ ಸೌಲಭ್ಯ ಕೊಟ್ಟಿದ್ದರು. ಕಂಪನಿಗೆ ದೂರು ಕಳಿಸಿದೆ. ‘ನಿಮ್ಮ ದೂರು ಪರಿಹಾರವಾಗಿದೆ’ ಎಂದು ಉತ್ತರ ಬಂತು. ಪರಿಹಾರವಾಗಿಲ್ಲ ಎಂದು ಮತ್ತೆ ಬರೆದೆ. ಆ ದೂರೂ ಪರಿಹಾರವಾಯಿತು. ಕೊನೆಗೆ ಬೈಗುಳವನ್ನೇ ಬರೆದು ಕಳಿಸಿದಾಗ ಒಬ್ಬ ಮನುಷ್ಯ ಫೋನ್ ಮಾಡಿದ. ಹೆಸರು ನಿಶ್ಚಲ್, ಬೆಂಗಳೂರಿನ ಪ್ರಯೋಗಾಲಯದಲ್ಲಿ ಸಮತೋಲವನ್ನು ತಿದ್ದಿ ಬೆಳೆಸುವ ತಂಡದವನು. ದನಿ ಮೆತ್ತಗಿತ್ತು. ಮೆತ್ತಗಿನ ದನಿಯವರ ಜೊತೆ ಜಗಳವಾಡುವುದು ಬಲು ಕಷ್ಟ.

“ಮೇಡಂ, ಸೆಕ್ಯುರಿಟಿ ಕಾರಣಕ್ಕೆ ಕಸ್ಟಮ್ ಶಾರ್ಟ್‌ಕಟ್ ಎಲ್ಲ ತೆಗೆದಿದೀವಿ. ಜೊತೆಗೆ ನಿಮ್ಮದು ಸರಿಯಾದ ಪ್ರಾಕ್ಟೀಸ್ ಅಲ್ಲ. ಒಂದು ಸಲ ಮಿಣುಕಿಸಿದ್ರೆ ಅದು ‘ಅಡಚಣೆ’ ಅಂತ ರೆಕಾರ್ಡ್ ಆಗುತ್ತೆ. ಗುಣಮಟ್ಟದ ಸೂಚ್ಯಂಕ ಬಿದ್ದುಹೋಗುತ್ತೆ.”

“ಮತ್ತೆ ಎರಡು ಗಂಟೆ ಕರೆಂಟ್ ತೆಗೀತೀರಲ್ಲ, ಅದು ಅಡಚಣೆ ಅಲ್ವಾ?”

“ಅದು ವಿಶ್ರಾಂತಿ ಮೇಡಂ. ಅದು ಲೆಕ್ಕಕ್ಕೆ ಬರಲ್ಲ.”

ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ನನ್ನದೇ ದುಡ್ಡಿನ ಫೋನು, ಎಸೆಯಲಿಲ್ಲ.

ಮಾರನೆಯ ದಿನ ನಮ್ಮ ಅಧೀಕ್ಷಕ ಎಂಜಿನಿಯರ್ ದಯಾನಂದ ಸಾಹೇಬರ ಕೋಣೆಗೆ ಹೋದೆ. ಅವರ ಮೇಜಿನ ಮೇಲೆ ಗುಣಮಟ್ಟಕ್ಕೆ ಬಂದ ಪ್ರಶಸ್ತಿಯ ಗಾಜಿನ ಫಲಕ ಫಳಫಳ ಹೊಳೆಯುತ್ತಿತ್ತು.

“ನೋಡಮ್ಮಾ ಸಹನಾ, ನೀನು ಹೇಳೋದು ನಂಗೆ ಅರ್ಥ ಆಗುತ್ತೆ,” ಎಂದರು. ಹೀಗೆ ಶುರು ಮಾಡುವವರು ಏನನ್ನೂ ಮಾಡುವುದಿಲ್ಲವೆಂದು ನನಗೆ ಅನುಭವದಿಂದ ಗೊತ್ತು. “ಆದ್ರೆ ಮೇಲಿನ ತೀರ್ಮಾನ. ಜನ ಒಗ್ಗಿಕೊಳ್ತಾರೆ ಬಿಡು.”

“ರಕ್ತ ಒಗ್ಗಿಕೊಳ್ಳಲ್ಲ ಸರ್. ಹೆಪ್ಪುಗಟ್ಟುತ್ತೆ.”

“ನಿಮ್ಮಕ್ಕನ ಮನೆಗೆ ಬೇಕಾದ್ರೆ ಏನಾದ್ರೂ ಪ್ರತ್ಯೇಕವಾಗಿ...” ಎಂದು ದನಿ ತಗ್ಗಿಸಿದರು.

“ಅವಳಿಗೆ ಬೇಡ್ವಂತೆ,” ಎಂದು ಎದ್ದು ಬಂದೆ. ಬಾಗಿಲು ಸ್ವಲ್ಪ ಜೋರಾಗಿಯೇ ಬಡಿಯಿತು.

ಆ ವಾರ ನಾನು ಕೀಲಿಮಣೆಯ ಮುಂದೆ ಕೂತದ್ದು ಗಲ್ಲಿಗೇರಿಸುವ ಕೆಲಸಕ್ಕೆ ಕೂತ ಹಾಗಿತ್ತು. ಆದೇಶ ಬರುತ್ತದೆ, ಒತ್ತುತ್ತೇನೆ, ಎಲ್ಲೋ ಲಾಳಿ ನಡುದಾರಿಯಲ್ಲಿ ನಿಲ್ಲುತ್ತದೆ. ಅಕ್ಕನ ಡಯಾಲಿಸಿಸ್‌ನ ದಿನ ಮೋಡ ಬಾರದಿರಲಿ ಎಂದು, ನಾನು ಆವರೆಗೆ ಹರಕೆ ಹೊತ್ತವಳಲ್ಲ, ಸೌರಫಲಕಗಳ ಬಯಲಿನ ದಿಕ್ಕಿಗೆ ಕೈಮುಗಿದೆ. ಆದರೂ ಇನ್ನೊಂದು ಸಲ ರಕ್ತ ಹಾಳಾಗಿ, ಅಕ್ಕನಿಗೆ ಎದ್ದು ಬಚ್ಚಲಿಗೆ ಹೋಗಲೂ ಭಾವನ ಹೆಗಲು ಬೇಕಾಯಿತು. ಇನ್ನು ಹೀಗೆ ರಕ್ತ ಕಳೆದುಕೊಂಡರೆ ಎದೆ ತಡೆಯುವುದಿಲ್ಲ ಎಂದರು ಡಾಕ್ಟರು.

ನಿಶ್ಚಲನಿಗೆ ಮತ್ತೆ ಫೋನ್ ಮಾಡಿ ಕೂಗಾಡಿದೆ. ಅವನು, “ಮೇಡಂ, ಒಂದು ದಾರಿ ಇದೆ, ಆದ್ರೆ ಅದು ನಿಮಗಲ್ಲ,” ಎಂದ. “ಅಂಗವಿಕಲ ನೌಕರರಿಗೆ ಮಾತ್ರ ಸ್ವಂತ ಶಾರ್ಟ್‌ಕಟ್ ಮಾಡ್ಕೊಳ್ಳೋ ಅವಕಾಶ ಉಳಿಸಿದೀವಿ. ಕಾನೂನು ಅಲ್ವಾ, ತೆಗೆಯೋಕಾಗಲ್ಲ.”

ನನ್ನ ಬಲಗೈಯ ಕಿರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದು, ಬೆಲ್ಲ ಸುಣ್ಣ ಹಚ್ಚಿ ಕಟ್ಟಿದ್ದು ಹಾಗೇ ಕೂಡಿಕೊಂಡಿದೆ. ಇಷ್ಟು ವರ್ಷ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಮೂಳೆ ಡಾಕ್ಟರ ಮುಂದೆ ಹೋಗಿ, “ಇದರಿಂದ ಕೀಲಿ ಒತ್ತೋಕೆ ಬಹಳ ಕಷ್ಟ ಡಾಕ್ಟ್ರೇ,” ಎಂದೆ. ಆ ಡಾಕ್ಟರ ಮನೆಯಲ್ಲೂ ಮಗ್ಗಗಳಿವೆ. ಬೆರಳನ್ನು ಅತ್ತಿತ್ತ ತಿರುಗಿಸಿ, “ಬಹಳ ಕಷ್ಟ ಅಂದ್ರೆ, ಕಣ್ಣು ಹೊಡೆಯೋಕಾಗದಷ್ಟು ಕಷ್ಟವಾ?” ಎಂದು ಗಂಭೀರವಾಗಿ ಕೇಳಿ ಸಹಿ ಹಾಕಿದರು.

ದಯಾನಂದ ಸಾಹೇಬರು ಮಾತ್ರ ಎಚ್ಚರಿಸಿದರು. “ಒಂದ್ಸಲ ಹೀಗೆ ದಾಖಲಾದ್ರೆ ಬಡ್ತಿ ಮರೆತುಬಿಡು. ಕೈಯಲ್ಲಾಗದೋಳು ಅಂತ ನಿನ್ನನ್ನ ಈ ಕುರ್ಚೀಲೇ ಕೊಳೆ ಹಾಕ್ತಾರೆ.”

“ಕೊಳೀತೀನಿ ಸರ್,” ಎಂದೆ.

ಹೀಗೆ ನನ್ನ ಸೊಟ್ಟ ಬೆರಳಿನ ಹೆಸರಲ್ಲಿ ಆ ಪುಟ ಮತ್ತೆ ತೆರೆಯಿತು. ‘ನೆರವಿನ ಸೌಲಭ್ಯಗಳು’, ಅದರೊಳಗೆ ‘ಬೆರಳುಗಳು’, ಅದರೊಳಗೆ ‘ನನ್ನ ಶಾರ್ಟ್‌ಕಟ್‌ಗಳು’. ಮೂರು ಕೀಲಿಗಳನ್ನು ಅವರಿಂದ ಕಿತ್ತುಕೊಂಡು ನನ್ನದನ್ನು ಮತ್ತೆ ಬರೆದೆ. ಮಿಣುಕಿಸು, ಕಾಯು, ಆಮೇಲೆ ತೆಗೆ. ಬೇರೆ ಪಾಳಿಯವರಿಗೆ ಈ ಪುಟ ತೆರೆಯುವುದಿಲ್ಲ, ಹಾಗಾಗಿ ಊರಿಗೆ ಕಣ್ಣು ಹೊಡೆಯುವವಳು ಇನ್ನು ನಾನೊಬ್ಬಳೇ. ‘ಇದರಿಂದ ನಿಮ್ಮ ಕೆಲಸ ನಿಧಾನವಾಗಬಹುದು. ಖಚಿತವೇ?’ ಎಂದು ಕೇಳಿತು. ಹೌದು ಎಂದು ಒತ್ತಿದ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಮರುದಿನವೇ ಆದೇಶ ಬಂತು, ದೇವಾಂಗರ ಬೀದಿಗೇ. ಮೂರು ಕೀಲಿ ಒತ್ತಿದೆ. ನಕ್ಷೆಯ ಮೇಲೆ ಬೀದಿ ಕಪ್ಪಾಗಿ ಮತ್ತೆ ಹಳದಿಯಾಯಿತು. ಆಮೇಲೆ ನಡೆದದ್ದನ್ನು ನಾನು ಹಿಂದೆ ಎಷ್ಟೋ ಸಲ ನೋಡಿದ್ದರೂ ಅವತ್ತು ಮೊದಲ ಸಲ ಕಂಡವಳಂತೆ ನೋಡಿದೆ. ಬೀದಿ ಎಳೆದುಕೊಳ್ಳುತ್ತಿದ್ದ ಕರೆಂಟಿನ ಗೆರೆ ಮೆಲ್ಲಗೆ ಇಳಿಯತೊಡಗಿತು. ಒಂದೊಂದೇ ಮಗ್ಗ ನಿಲ್ಲುತ್ತಿತ್ತು, ಗಿರಣಿ ನಿಂತಿತು, ಎಲ್ಲೋ ಹಿಂದಿನ ಕೋಣೆಯಲ್ಲಿ ಭಾವ ಗುಂಡಿ ಒತ್ತುತ್ತಿದ್ದರು. ಐದು ನಿಮಿಷ ಆಗುವುದರೊಳಗೆ ಗೆರೆ ಎಷ್ಟು ಇಳಿಯಿತೆಂದರೆ, ಹೊಸ ಆವೃತ್ತಿಯ ಸಮತೋಲ ಇನ್ನೊಮ್ಮೆ ಲೆಕ್ಕ ಹಾಕಿ, ‘ವಿಶ್ರಾಂತಿ ಅಗತ್ಯವಿಲ್ಲ’ ಎಂದು ಆದೇಶವನ್ನೇ ಹಿಂತೆಗೆದುಕೊಂಡಿತು. ಅವತ್ತು ಕರೆಂಟೇ ಹೋಗಲಿಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದರೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದೆ. ಸಾಯಂಕಾಲ ಬೀದಿಗೆ ಹೋದರೆ ಜನ ಮಗ್ಗದ ಮನೆಗಳಿಂದ ಎದ್ದು ಬಂದು ಮಾತಾಡಿಸಿದರು. ಅಕ್ಕ ನನ್ನ ಸೊಟ್ಟ ಬೆರಳನ್ನು ಹಿಡಿದು ನೆಟಿಕೆ ತೆಗೆದಳು. ಆ ಸಂತೋಷವನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಯಾಕೆಂದರೆ ಆ ಇಳಿಯುವ ಗೆರೆಯನ್ನು ನೋಡಿದವಳು ನಾನೊಬ್ಬಳೇ ಅಲ್ಲ. ಸಮತೋಲವೂ ನೋಡಿತ್ತು, ಅದರ ಹಿಂದೆ ಬೆಂಗಳೂರಿನಲ್ಲಿ ಕೂತವರೂ ನೋಡಿದ್ದರು. ಕೆಲವು ವಾರಗಳಾದ ಮೇಲೆ ನಿಶ್ಚಲ್ ತಾನಾಗಿ ಫೋನ್ ಮಾಡಿದ. ಮೆತ್ತಗಿನ ದನಿ ಕುಣಿಯುತ್ತಿತ್ತು.

“ಮೇಡಂ, ನಿಮ್ಮ ಶಾರ್ಟ್‌ಕಟ್ ಸೂಪರ್! ನಿಮ್ಮೂರಿನ ಅಂಕಿಗಳನ್ನ ಇಡೀ ಟೀಮ್ ನೋಡ್ತು. ಒಂದು ಸಲ ಮಿಣುಕಿಸಿದ್ರೆ ಜನ ತಾವಾಗೇ ಎಲ್ಲ ಆಫ್ ಮಾಡ್ತಾರೆ. ಕರೆಂಟ್ ತೆಗೆಯೋ ಅಗತ್ಯಾನೇ ಇಲ್ಲ. ಮುಂದಿನ ಅಪ್‌ಡೇಟಲ್ಲಿ ಇದನ್ನ ಎಲ್ಲ ಊರಿಗೂ ಕೊಡ್ತಿದೀವಿ. ಹೆಸರು ‘ವಿನಂತಿ’.”

“ಅದು ಅಡಚಣೆ ಅಂದಿದ್ರಲ್ಲಪ್ಪಾ?”

“ಡೆಫಿನಿಷನ್ ಬದಲಾಯಿಸಿದ್ವಿ ಮೇಡಂ. ಈಗ ಅದು ಅಡಚಣೆ ಅಲ್ಲ, ಸಂವಹನ.”

“ಮಿಣುಕಿಸಿದ ಮೇಲೆ ಕರೆಂಟು ಹೋಗಲೇಬೇಕು ಕಣಪ್ಪಾ,” ಎಂದೆ. “ಯಾವತ್ತೋ ಒಂದ್ಸಲ ಹೋಗದಿದ್ರೆ ಅದೃಷ್ಟ ಅಂದ್ಕೊಳ್ತಾರೆ. ದಿನಾ ಹೋಗದಿದ್ರೆ ಯಾರು ನಂಬ್ತಾರೆ?”

“ಅದನ್ನೂ ಮಾಡೆಲ್ ಕಲಿತುಕೊಳ್ಳುತ್ತೆ ಮೇಡಂ,” ಎಂದ. ಅವನು ಕೆಟ್ಟವನಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು. ಪ್ರಯೋಗಾಲಯದ ತಣ್ಣಗಿನ ಕೋಣೆಯಲ್ಲಿ ಕೂತು, ಒಂದು ಊರಿನವರು ತಲೆತಲಾಂತರದಿಂದ ಇಟ್ಟುಕೊಂಡ ನಂಬಿಕೆಯನ್ನು ಪುಕ್ಕಟೆ ಸಿಕ್ಕ ಕರೆಂಟು ಎಂದು ತಿಳಿದವನನ್ನು ಕೆಟ್ಟವನೆಂದು ಬೈಯಲಿಕ್ಕೂ ಬರುವುದಿಲ್ಲ.

ಅಪ್‌ಡೇಟ್ ಬಂತು. ಮಿಣುಕಿಸಲು ಮನುಷ್ಯನ ಬೆರಳು ಬೇಡ, ಕಾನೂನಿನಲ್ಲಿ ಬೆರಳು ಬೇಕಿರುವುದು ತೆಗೆಯಲು ಮಾತ್ರ. ಸಮತೋಲ ತಾನೇ ಮಿಣುಕಿಸತೊಡಗಿತು. ಮೊದಮೊದಲು ದಿನಕ್ಕೊಂದು ಸಲ, ಜನ ನಿಲ್ಲಿಸಿದರು, ಕರೆಂಟು ಹೋಗಲಿಲ್ಲ. ಆಮೇಲೆ ಬೆಳಿಗ್ಗೆ ಒಮ್ಮೆ, ಊಟದ ಹೊತ್ತಿಗೊಮ್ಮೆ, ಮೋಡವಿಲ್ಲದಾಗಲೂ ಒಮ್ಮೆ. ಬಿಟ್ಟಿ ಸಿಗುವಾಗ ಬಿಡುವುದುಂಟೇ? ನೂಲಗೆರೆಯಲ್ಲಿ ಉಳಿದ ಕರೆಂಟು ಯಾವುದೋ ಊರಿನ ದೊಡ್ಡ ದೊಡ್ಡ ಕಂಪ್ಯೂಟರುಗಳನ್ನು ತಣ್ಣಗಿಡಲು ಹೋಗುತ್ತಿತ್ತು. ನನ್ನ ಮೂರು ಕೀಲಿ ಒತ್ತಿದರೆ, ‘ಈ ಸೌಲಭ್ಯ ಈಗ ಸ್ವಯಂಚಾಲಿತ. ನಿಮ್ಮ ಬೆರಳುಗಳಿಗೆ ಬಿಡುವು ಕೊಡಿ’ ಎಂದು ಬರುತ್ತಿತ್ತು. ಎರಡು ಸಲ ಮಿಣುಕಿಸಿ ಜನಕ್ಕೆ ಬೇರೆ ಗುರುತು ಕೊಡೋಣವೆಂದು ನೋಡಿದೆ. ಅದಕ್ಕೂ ಇದೇ ಉತ್ತರ.

ಊರು ಸಿಟ್ಟಿಗೆದ್ದದ್ದು ನನ್ನ ಮೇಲೆ. ಕಣ್ಣು ಹೊಡೆಯೋ ಮೇಡಂ ಎಂದರೆ ನಾನೇ ಅಲ್ಲವೇ? “ಹುಡುಗಾಟ ಆಡ್ತೀಯೇನಮ್ಮಾ? ಮಗ್ಗ ನಿಲ್ಲಿಸಿ ನಿಲ್ಲಿಸಿ ಒಂದು ಸೀರೆ ಕೆಳಗಿಳೀತಿಲ್ಲ,” ಎಂದು ಸಂತೆಯಲ್ಲಿ ಒಬ್ಬರು ಮುಖಕ್ಕೇ ಉಗಿದರು. ಅದು ನಾನಲ್ಲ, ಯಂತ್ರ ಎಂದೆ. ನಂಬಲಿಲ್ಲ. ಮೆಲ್ಲಮೆಲ್ಲಗೆ ಜನ ನಿಲ್ಲಿಸುವುದನ್ನೇ ಬಿಟ್ಟರು. ದೀಪ ಮಿಣುಕಿದರೂ ಲಾಳಿಗಳು ಓಡುತ್ತಲೇ ಇರುತ್ತಿದ್ದವು. ನಿಜಕ್ಕೂ ಕೊರತೆಯಿದ್ದು ಜನ ನಿಲ್ಲಿಸದಿದ್ದಾಗ ಸಮತೋಲ ನಿಜವಾದ ವಿಶ್ರಾಂತಿಗೆ ಆದೇಶ ಕೊಡುತ್ತಿತ್ತು, ಅದನ್ನು ಒತ್ತುವುದು ನನ್ನ ಪಾಲು. ಹಾಸು ಹರಿಯುತ್ತಿತ್ತು. ಹತ್ತರಲ್ಲಿ ಯಾವ ಮಿಣುಕು ನಿಜ, ಯಾವುದು ಸುಳ್ಳು ಎಂದು ಕುರ್ಚಿಯಲ್ಲಿ ಕೂತ ನನಗೂ ಮುಂಚೆ ತಿಳಿಯುತ್ತಿರಲಿಲ್ಲ.

ಈ ಗಲಾಟೆಯಲ್ಲಿ ಪಾಳಿಯ ಮೇಲೆ ಪಾಳಿ ಬಿದ್ದು ಅಕ್ಕನ ಮನೆಗೆ ಹೋಗಲಾಗಿರಲಿಲ್ಲ. ಫೋನಿನಲ್ಲಿ ಕೇಳಿದರೆ, “ಚೆನ್ನಾಗಿದೀನಿ ಕಣೇ,” ಎನ್ನುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು ಹೋದೆ. ಅವಳ ಮುಖದ ಗುರುತೇ ಸಿಗಲಿಲ್ಲ. ಕಣ್ಣಿನ ಕೆಳಗೆ ಊದಿತ್ತು, ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ, ಮಾತಾಡುವಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ತೊಳೆಯದ ನೀರು, ತೊಳೆಯದ ವಿಷ, ಎಲ್ಲ ಮೈಯಲ್ಲೇ ಉಳಿದಿತ್ತು. ಆಗತಾನೇ ಸೂಜಿ ಚುಚ್ಚಿ ಯಂತ್ರ ಶುರು ಮಾಡಿದ್ದರು. ನಾನು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ.

“ಏನಕ್ಕ ಇದು? ಸರಿಯಾಗಿ ಡಯಾಲಿಸಿಸ್ ಆಗ್ತಿಲ್ವಾ?”

ಭಾವ ಬಾಗಿಲಲ್ಲಿ ನಿಂತು, “ಎಲ್ಲಿ ಆಗುತ್ತೆ?” ಎಂದರು. “ಶುರು ಮಾಡಿದ ಸ್ವಲ್ಪ ಹೊತ್ತಿಗೆ ಕಣ್ಣು ಹೊಡೆಯುತ್ತೆ. ಇವಳು ನಿಲ್ಲಿಸಿ ಅಂತಾಳೆ. ನಿಲ್ಲಿಸ್ತೀನಿ. ಕರೆಂಟು ಹೋಗಲ್ಲ. ಬೀದಿಯೋರೆಲ್ಲ ನಿಲ್ಲಿಸೋದು ಬಿಟ್ಟಿದಾರೆ, ನಾವೂ ಬಿಡೋಣ ಅಂದ್ರೆ ಕೇಳಲ್ಲ.”

“ಬೀದಿಯೋರು ಬೇಕಾದ್ದು ಅಂದ್ಕೊಳ್ಳಲಿ,” ಎಂದಳು ಅಕ್ಕ. “ನಮ್ಮ ಸಹನಾ ಸುಳ್ಳು ಕಣ್ಣು ಹೊಡೆಯೋಳಲ್ಲ. ಇವಳು ತೆಗೀಬೇಕು ಅಂತಾನೇ ಹೊಡೆದಿರ್ತಾಳೆ, ಮೇಲಿನೋರು ಕೊನೇ ಗಳಿಗೇಲಿ ಬೇಡ ಅಂದಿರ್ತಾರೆ. ನಾನೇ ನಂಬದಿದ್ರೆ ಇನ್ಯಾರು ನಂಬ್ತಾರೆ ಇವಳನ್ನ?”

ಸಂತೆಯಲ್ಲಿ ಕೂಗಿ ಹೇಳಿದವಳು ಇವಳೊಬ್ಬಳಿಗೆ ಹೇಳಿರಲಿಲ್ಲ. ನನ್ನ ಮೇಲಿನ ನಂಬಿಕೆಯೇ ಇವಳನ್ನು ಇಷ್ಟಿಷ್ಟಾಗಿ ಕೊಲ್ಲುತ್ತಿತ್ತು. “ಅಕ್ಕ, ಅದು...” ಎಂದು ಬಾಯಿ ತೆರೆದೆ.

ದೀಪ ಆರಿ ಹತ್ತಿತು.

ಭಾವನ ಕೈ ಗುಂಡಿಯ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಅಕ್ಕ ದೀಪವನ್ನು ನೋಡಿದಳು, ಆಮೇಲೆ ಸ್ಟೂಲಿನ ಮೇಲೆ ಕೂತ ನನ್ನನ್ನು ನೋಡಿದಳು.

“ನೀನಿಲ್ಲೇ ಇದೀಯಲ್ಲೇ,” ಎಂದಳು. “ಹಂಗಾದ್ರೆ ಹೊಡೆದಿದ್ಯಾರು?”

“ಯಾರೂ ಅಲ್ಲಕ್ಕ. ಈಗ ಅದೇ ಹೊಡ್ಕೊಳ್ಳುತ್ತೆ. ಬಹಳ ದಿನ ಆಯ್ತು.”

ಹೊರಗೆ ಬೀದಿಯ ಒಂದು ಮಗ್ಗವೂ ನಿಂತಿರಲಿಲ್ಲ. ನಳಿಗೆಯಲ್ಲಿ ಅವಳ ರಕ್ತ ಸುತ್ತುತ್ತಿತ್ತು.

“ನಿಲ್ಲಿಸ್ಲಾ, ಬಿಡ್ಲಾ?” ಭಾವ ಕೇಳಿದರು. “ಸಹನಾ, ಬೇಗ ಹೇಳು. ಇದು ನಿಜಾನಾ, ಸುಳ್ಳಾ?”

ನನಗೆ ಗೊತ್ತಿರಲಿಲ್ಲ. ಈ ಊರಿನಲ್ಲಿ ಅದನ್ನು ಹೇಳಬಲ್ಲ ಒಬ್ಬಳಾದರೂ ಇರಬೇಕಿದ್ದರೆ ಅದು ನಾನಾಗಿರಬೇಕಿತ್ತು, ನನಗೇ ಗೊತ್ತಿರಲಿಲ್ಲ. ಬಿಟ್ಟು, ಕರೆಂಟು ಹೋದರೆ ಒಂದು ಲೋಟ ರಕ್ತ ಹೋಗುತ್ತದೆ, ಎದೆ ತಡೆಯುವುದಿಲ್ಲ ಎಂದಿದ್ದಾರೆ ಡಾಕ್ಟರು. ನಿಲ್ಲಿಸಿ, ಕರೆಂಟು ಹೋಗದಿದ್ದರೆ ಈ ವಿಷವನ್ನು ಅವಳು ಇನ್ನೆಷ್ಟು ದಿನ ಹೊರಬೇಕು?

“ನಿಲ್ಲಿಸಿ ಭಾವ,” ಎಂದೆ.

ಅವರು ಗುಂಡಿ ಒತ್ತಿದರು. ನಳಿಗೆಯ ಕೆಂಪು ನಿಧಾನವಾಗಿ ತಿಳಿಯಾಗುತ್ತ ಬಂತು. ಭಾವ ಒಂದೊಂದಾಗಿ ಸೂಜಿ ತೆಗೆದು, ಹತ್ತಿ ಇಟ್ಟು ಅಕ್ಕನ ಕೈಯಿಂದಲೇ ಒತ್ತಿ ಹಿಡಿಸಿದರು. ಆಮೇಲೆ ಮೂವರೂ ಕಾದೆವು. ಫ್ಯಾನು ತಿರುಗುತ್ತಿತ್ತು. ಮಗ್ಗಗಳು ಓಡುತ್ತಿದ್ದವು. ಐದು ನಿಮಿಷ ಕಳೆಯಿತು, ಇನ್ನೊಂದಷ್ಟು ಕಳೆಯಿತು, ದೀಪ ಉರಿಯುತ್ತಲೇ ಇತ್ತು. ಬಿಚ್ಚಿದ ಜಾಲರಿ ಚೀಲದಲ್ಲಿ ಬಿದ್ದಿತ್ತು, ಇನ್ನೊಂದು ಬರಬೇಕಾದರೆ ವಾರ ಕಳೆಯಬೇಕಿತ್ತು. ನಾನು ಬಾಯೊಳಗೇ ದೀಪಕ್ಕೆ ಹೋಗು ಹೋಗು ಎನ್ನುತ್ತಿದ್ದೆ. ಹೋದರೆ ನಾನು ಹೇಳಿದ್ದು ಸರಿಯಾಗುತ್ತಿತ್ತು, ಅಷ್ಟಾದರೂ ಸಮಾಧಾನ ಸಿಗುತ್ತಿತ್ತು.

ಅಕ್ಕ ಜನ್ಮದಲ್ಲಿ ಯಾರಿಗೂ ಒಂದು ಕೆಟ್ಟ ಮಾತಾಡಿದವಳಲ್ಲ. ಹತ್ತಿ ಒತ್ತಿಕೊಂಡೇ ಎದ್ದು ಕೂತು, ಊದಿದ ಮುಖವನ್ನು ದೀಪದ ಕಡೆ ಎತ್ತಿ, “ಹೋಗೇ ದರಿದ್ರದ್ದೇ, ಹಾಳಾಗಿ ಹೋಗು ಅತ್ಲಾಗೆ!” ಎಂದು ಕಿರುಚಿದಳು.

ಮಗ್ಗಗಳ ಸದ್ದಿನಲ್ಲಿ ಅದು ಪಕ್ಕದ ಮನೆಗೂ ಕೇಳಿಸಲಿಲ್ಲ. ಕರೆಂಟು ಹೋಗಲಿಲ್ಲ.